ವಾಷಿಂಗ್ ಮೆಷಿನ್, ಆರ್‌ಒ, ಗೀಸರ್ ಸರಿಯಾಗಿ ಕೂರಿಸದೆ ಮನೆಯೊಳಗೆ ನೀರು ನುಗ್ಗಿದರೆ: ಪರಿಹಾರ ಪಡೆಯುವ ಸಮಗ್ರ ಮಾರ್ಗದರ್ಶಿ

ಆರ್‌ಒ ಪೈಪ್ ಕಳಚಿ ಅಡುಗೆಮನೆಯೆಲ್ಲ ನೀರಾದ ಮನೆಗೆ ಬಂದ ಮೆಕ್ಯಾನಿಕ್ ಮೊದಲು ಮಾಡುವ ಕೆಲಸ, ಕೆಟ್ಟ ಫಿಟ್ಟಿಂಗ್ ಬಿಚ್ಚಿ ಹೊಸದು ಹಾಕುವುದು. ಹಳೆಯದು ಅವರ ಬ್ಯಾಗಿಗೆ ಹೋಗುತ್ತದೆ. ಆ ಹೊತ್ತಿಗೆ ಮನೆಯವರಿಗೆ ನೀರು ನಿಂತರೆ ಸಾಕಾಗಿರುತ್ತದೆ, ಯಾರೂ ಕೇಳುವುದಿಲ್ಲ. ಎರಡು ವಾರ ಕಳೆದು ಉಬ್ಬಿದ ಕ್ಯಾಬಿನೆಟ್ಟು, ಎದ್ದ ಫ್ಲೋರಿಂಗು, ಕೆಳಮನೆಯವರ ಸೀಲಿಂಗಿನ ಲೆಕ್ಕ ಹಾಕಿ ಕಂಪನಿಗೆ ಬರೆದಾಗ ಬರುವ ಉತ್ತರ ಒಂದೇ: ‘ನಮ್ಮ ಇನ್‌ಸ್ಟಾಲೇಷನ್‌ನಲ್ಲಿ ತಪ್ಪಿತ್ತು ಎನ್ನುವುದಕ್ಕೆ ಸಾಕ್ಷಿ ಏನಿದೆ?’ ಸಾಕ್ಷಿ ಆ ಬ್ಯಾಗಿನಲ್ಲಿ ಹೋಗಿ ಆಗಿರುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಂಥ ಪ್ರಕರಣಗಳಲ್ಲಿ ಗ್ರಾಹಕರಿಗೆ ಸಾಕಷ್ಟು ಬಲ ಕೊಟ್ಟಿದೆ. ಶುಲ್ಕ ಬಹುತೇಕ ಇಲ್ಲ, ವಕೀಲರು ಕಡ್ಡಾಯವಲ್ಲ, ಮನೆಯಿಂದಲೇ ದೂರು ಸಲ್ಲಿಸಬಹುದು. ಕಷ್ಟ ಇರುವುದು ಮೊದಲ ದಿನದಲ್ಲಿ. ಹಾಗಾಗಿ ಈ ಬರಹದ ಹೆಚ್ಚು ಭಾಗ ಮೊದಲ 24 ಗಂಟೆಗೇ ಮೀಸಲು.

ಮೊದಲ ಒಂದು ಗಂಟೆ

ನೀರಿಗೆ ಕಾಲಿಡುವ ಮುಂಚೆ ಕರೆಂಟ್. ಒದ್ದೆಯಾಗದ ಜಾಗದಲ್ಲಿ ನಿಂತು ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆಫ್ ಮಾಡಿ. ಅಡುಗೆಮನೆಯ ಫ್ರಿಜ್, ಮಿಕ್ಸಿ, ನೆಲದ ಹತ್ತಿರದ ಪ್ಲಗ್ ಪಾಯಿಂಟು ಇವೆಲ್ಲ ನೀರಿನ ಮಟ್ಟಕ್ಕೆ ಸಮೀಪ ಇರುತ್ತವೆ. ಬೋರ್ಡಿನ ಹತ್ತಿರವೇ ನೀರು ನಿಂತಿದ್ದರೆ ನೀವು ಹೋಗಬೇಡಿ, ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್‌ಗೆ ಹೇಳಿ ಕೆಳಗಿನ ಪ್ಯಾನೆಲ್‌ನಲ್ಲೇ ಆಫ್ ಮಾಡಿಸಿ.

ಆಮೇಲೆ ನೀರು. ಯಂತ್ರದ ಹಿಂದಿನ ಆಂಗಲ್ ಕಾಕ್ (ಯಂತ್ರಕ್ಕೆ ನೀರು ಬಿಡುವ ಸಣ್ಣ ವಾಲ್ವ್) ತಿರುಗಿಸಿ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಕಾಕ್ ಜಾಮ್ ಆಗಿರುವುದು ಮಾಮೂಲು. ಬಲವಂತ ಮಾಡಿದರೆ ಅದೇ ಮುರಿದು ಇನ್ನೊಂದು ಅನಾಹುತ. ಆಗ ಬಾತ್‌ರೂಮ್ ಮೇಲಿನ ಅಥವಾ ಡಕ್ಟ್‌ನಲ್ಲಿರುವ ಮನೆಯ ಮೇನ್ ವಾಲ್ವ್ ಮುಚ್ಚಿ. ಫೋಟೊ ತೆಗೆಯುವುದಕ್ಕಾಗಿ ನೀರು ಹರಿಯಲು ಬಿಡಬೇಡಿ. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆಯೂ ಹೌದು, ಮುಂದೆ ಎದುರು ಪಕ್ಷದವರು ಇದನ್ನೇ ಹಿಡಿದು ಪ್ರಶ್ನಿಸುತ್ತಾರೆ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ವಾಲ್ವ್ ಮುಚ್ಚಲಿ, ಇನ್ನೊಬ್ಬರು ವಿಡಿಯೊ ಮಾಡಲಿ.

ವಿಡಿಯೊಗೂ ಒಂದು ಕ್ರಮ ಇದೆ. ಮೊದಲು ಇಡೀ ಕೋಣೆ, ನೀರು ಹರಿದು ಹೋದ ದಾರಿ, ಕೊನೆಗೆ ನೀರು ಬಂದ ಬಾಯಿ. ಎಲ್ಲವೂ ಕತ್ತರಿಸದೆ ಒಂದೇ ಓಟದಲ್ಲಿ ಇರಲಿ. ನಂತರ ಬಿಡಿ ಫೋಟೊಗಳು:

- ಕಳಚಿದ ಅಥವಾ ಒಡೆದ ಭಾಗ, ಅದು ಇದ್ದ ಜಾಗದಲ್ಲೇ, ಪಕ್ಕದಲ್ಲಿ ಅಳತೆ ಟೇಪು ಹಿಡಿದು
- ಯಂತ್ರದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕರ್
- ಸ್ಕರ್ಟಿಂಗ್ ಟೈಲ್ಸ್ ಮೇಲೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂಬ ಗುರುತು
- ಒದ್ದೆಯಾದ ಪ್ರತಿಯೊಂದು ವಸ್ತು, ಕೆಳಮನೆಯ ಸೀಲಿಂಗ್ ಕೂಡ

ಇವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಅದನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳಬೇಡಿ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ಸಮಯದ ಮಾಹಿತಿಯೂ ಉಳಿಯುವುದಿಲ್ಲ. ಫೋನಿನಲ್ಲಿರುವ ಮೂಲ ಫೈಲನ್ನು ಅಳಿಸದೆ ಉಳಿಸಿ, ಅಂದೇ ನಿಮ್ಮದೇ ಇಮೇಲ್‌ಗೆ ಒಂದು ಪ್ರತಿ ಕಳಿಸಿಕೊಳ್ಳಿ.

ಕೆಟ್ಟ ಭಾಗ ನಿಮ್ಮ ಕೈಯಲ್ಲೇ ಇರಲಿ

ಬಿಚ್ಚುವ ಮುಂಚೆ ಪರ್ಮನೆಂಟ್ ಮಾರ್ಕರ್‌ನಿಂದ ನಟ್ ಮತ್ತು ನಲ್ಲಿ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಿರಿ. ನಟ್ ಎಷ್ಟು ಸುತ್ತು ಕೂತಿತ್ತು, ಓರೆಯಾಗಿ ಹತ್ತಿತ್ತೇ ಎಂಬುದನ್ನು ಆ ಗೆರೆ ಮತ್ತು ಫೋಟೊ ಸೇರಿ ತೋರಿಸುತ್ತವೆ. ನಂತರ ಹೋಸ್, ವಾಷರ್, ಕನೆಕ್ಟರ್, ಕ್ಲಿಪ್, ಏನೇ ಇರಲಿ, ಒರೆಸದೆ ತೊಳೆಯದೆ ಜಿಪ್ ಕವರಿಗೆ ಹಾಕಿ. ಕವರಿನ ಮೇಲೆ ದಿನಾಂಕ, ಸಮಯ, ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಪಕ್ಕದ ಮನೆಯವರು ಮತ್ತು ಅಸೋಸಿಯೇಷನ್ ಕಾರ್ಯದರ್ಶಿ ಆದರೆ ಒಳ್ಳೆಯದು.

ಅದೇ ಇಬ್ಬರಿಂದ ಒಂದು ಪುಟದ ಮಹಜರು ಬರೆಸಿಕೊಳ್ಳಿ. ಎಷ್ಟು ಗಂಟೆಗೆ ಬಂದು ನೋಡಿದರು, ನೀರು ಎಲ್ಲಿಂದ ಬರುತ್ತಿತ್ತು, ಯಾವ ಯಾವ ಕೋಣೆ ಒದ್ದೆಯಾಗಿತ್ತು, ಅಷ್ಟು ಸಾಕು. ಕಾರಣ ಏನೆಂದು ಅವರು ತೀರ್ಮಾನಿಸಬೇಕಿಲ್ಲ. ಕಂಡದ್ದನ್ನು ಮಾತ್ರ ಬರೆದ ಮಹಜರನ್ನು ಒಡೆಯುವುದು ಕಷ್ಟ.

ಮೆಕ್ಯಾನಿಕ್ ಬಂದು ‘ಹಳೇ ಪಾರ್ಟ್ ಕಂಪನಿಗೆ ವಾಪಸ್ ಕೊಡ್ಬೇಕು ಸರ್’ ಅಂದರೆ ಕೊಡಬೇಡಿ. ಅವರು ಫೋಟೊ ತೆಗೆದುಕೊಂಡು ಹೋಗಲಿ. ಪರೀಕ್ಷೆಗೆ ಬೇಕೆಂದರೆ ಇಮೇಲ್‌ನಲ್ಲಿ ಕೇಳಲಿ. ಎರಡೂ ಕಡೆಯವರ ಎದುರಿನಲ್ಲಿ ಪರೀಕ್ಷೆ ಆಗಲಿ ಎಂದು ನೀವು ಉತ್ತರಿಸಬಹುದು. ಸರಕಿನ ದೋಷ ಪರೀಕ್ಷೆಯಿಲ್ಲದೆ ತಿಳಿಯದು ಎನಿಸಿದರೆ ಮಾದರಿಗೆ ಮೊಹರು ಹಾಕಿಸಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಗ್ರಾಹಕರ ದೂರು ವಿಚಾರಿಸುವ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ಕಳಿಸಲು ವಸ್ತು ನಿಮ್ಮ ಬಳಿ ಇರಬೇಕು.

ಜಾಬ್ ಶೀಟ್ ಮತ್ತು ಹ್ಯಾಪಿ ಕೋಡ್

ಕಸ್ಟಮರ್ ಕೇರ್‌ಗೆ ಅಂದೇ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ಅದೇ ವಿಷಯ ಇಮೇಲ್‌ನಲ್ಲೂ ಹೋಗಲಿ. ಮೆಕ್ಯಾನಿಕ್ ಬಂದಾಗ ನೀವು ನೋಡಬೇಕಾದ್ದು ಜಾಬ್ ಶೀಟಿನ (ಮಾಡಿದ ಕೆಲಸವನ್ನು ಅವರು ಬರೆಯುವ ಹಾಳೆ) ಒಂದೇ ಸಾಲು: ಕಂಡುಬಂದ ದೋಷ. ಸಾಮಾನ್ಯವಾಗಿ ಅಲ್ಲಿ ‘ಲೀಕೇಜ್ ರೆಕ್ಟಿಫೈಡ್’ ಎಂದು ಬರೆದು ಮುಗಿಸುತ್ತಾರೆ. ಇದರಿಂದ ನಿಮಗೆ ಏನೂ ಉಪಯೋಗವಿಲ್ಲ. ‘ಇನ್‌ಲೆಟ್ ಟ್ಯೂಬ್ ಕನೆಕ್ಟರ್‌ನಿಂದ ಕಳಚಿತ್ತು, ಲಾಕ್ ಕ್ಲಿಪ್ ಇರಲಿಲ್ಲ’ ಎಂದು ಬರೆದರೆ ಇಡೀ ಕೇಸಿನ ಬೆನ್ನೆಲುಬು ಆ ಸಾಲಿನಲ್ಲಿದೆ.

ಕೆಲಸ ಮುಗಿದ ಮೇಲೆ ನಿಮ್ಮ ಫೋನಿಗೆ ಒಂದು ಒಟಿಪಿ ಬರುತ್ತದೆ. ಕೆಲವು ಕಂಪನಿಗಳು ಇದನ್ನು ಹ್ಯಾಪಿ ಕೋಡ್ ಅನ್ನುತ್ತವೆ. ಅದನ್ನು ಹೇಳಿದಾಕ್ಷಣ ಕಂಪನಿಯ ದಾಖಲೆಯಲ್ಲಿ ನಿಮ್ಮ ದೂರು ‘ಗ್ರಾಹಕರು ತೃಪ್ತರು’ ಎಂದು ಮುಚ್ಚಿಹೋಗುತ್ತದೆ. ದೋಷವನ್ನು ಸ್ಪಷ್ಟವಾಗಿ ಬರೆದ ಜಾಬ್ ಶೀಟಿನ ಫೋಟೊ ನಿಮ್ಮ ಕೈ ಸೇರುವವರೆಗೆ ಕೋಡ್ ಕೊಡಬೇಡಿ. ಪಾಪ, ಆ ಹುಡುಗನಿಗೂ ದಿನದ ಟಾರ್ಗೆಟ್ ಇರುತ್ತದೆ, ಜಗಳ ಬೇಡ. ಬರೆಯಲು ಆತನಿಗೆ ಅನುಮತಿ ಇಲ್ಲವೆಂದರೆ ಆ ಮಾತನ್ನೇ ಅಂದು ಸಂಜೆ ಕಂಪನಿಗೆ ಇಮೇಲ್ ಮಾಡಿ: ‘ಇಂದು ಬಂದ ತಂತ್ರಜ್ಞರು ಲಾಕ್ ಕ್ಲಿಪ್ ಇರಲಿಲ್ಲವೆಂದು ಬಾಯಿಮಾತಿನಲ್ಲಿ ಒಪ್ಪಿದರು, ಜಾಬ್ ಶೀಟಿನಲ್ಲಿ ಬರೆಯಲು ನಿರಾಕರಿಸಿದರು. ಇದು ತಪ್ಪಾಗಿದ್ದರೆ ತಿಳಿಸಿ.’

ಮೊದಲು ಇನ್‌ಸ್ಟಾಲ್ ಮಾಡಿದ್ದು ಯಾರು, ಯಾವತ್ತು ಎಂಬುದಕ್ಕೂ ದಾಖಲೆ ಬೇಕು. ಬಿಲ್, ಇನ್‌ಸ್ಟಾಲೇಷನ್ ಎಸ್ಸೆಮ್ಮೆಸ್, ತಂತ್ರಜ್ಞರ ಕಾಲ್ ಲಾಗ್, ಅವರಿಗೆ ಯುಪಿಐನಲ್ಲಿ ಕೊಟ್ಟ ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಲವರು ಮರೆಯುವ ಇನ್ನೊಂದು ದಾಖಲೆ ಅಪಾರ್ಟ್‌ಮೆಂಟ್ ಗೇಟಿನ ಎಂಟ್ರಿ. ರಿಜಿಸ್ಟರ್ ಪುಸ್ತಕವೋ ಆ್ಯಪೋ, ಅಂದು ಆ ಹೆಸರಿನವರು ನಿಮ್ಮ ಫ್ಲ್ಯಾಟಿಗೆ ಬಂದಿದ್ದಕ್ಕೆ ಅದು ಹೊರಗಿನವರ ಸಾಕ್ಷಿ. ಹಳೆಯ ಎಂಟ್ರಿಗಳು ಅಳಿಸಿಹೋಗುವ ಮುಂಚೆ ಪ್ರತಿ ತೆಗೆಸಿಕೊಳ್ಳಿ.

ತಪ್ಪು ಎಲ್ಲಿ ಆಗಿರುತ್ತದೆ

ಕಾರಣ ಗೊತ್ತಿದ್ದರೆ ಯಾವ ಫೋಟೊ ತೆಗೆಯಬೇಕು, ಏನು ಪ್ರಶ್ನೆ ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ವಾಷಿಂಗ್ ಮೆಷಿನ್: ಇನ್‌ಲೆಟ್ ಹೋಸಿನ ನಟ್ ಮುಕ್ಕಾಲು ಇಂಚಿನದು, ಒಳಗೊಂದು ರಬ್ಬರ್ ವಾಷರ್ ಇರಬೇಕು. ವಾಷರ್ ಬಿದ್ದುಹೋಗಿ, ಬದಲಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ ಬಿಗಿಯುವುದು ಸಾಮಾನ್ಯ ತಪ್ಪು. ಈ ಜೋಡಣೆಯಲ್ಲಿ ನೀರು ನಿಲ್ಲಿಸುವುದು ವಾಷರೇ ಹೊರತು ನಟ್ಟಿನ ಥ್ರೆಡ್ ಅಲ್ಲ. ಪ್ಲಾಸ್ಟಿಕ್ ನಟ್ಟನ್ನು ಇಕ್ಕಳ ಹಾಕಿ ಬಿಗಿದರೆ ಕೂದಲೆಳೆಯಷ್ಟು ಬಿರುಕು ಬಿಟ್ಟು ವಾರಗಳ ನಂತರ ಒಡೆಯುತ್ತದೆ. ಸಾದಾ ಗುಂಡು ಬಾಯಿಯ ನಲ್ಲಿಗೆ ನಾಲ್ಕು ಸ್ಕ್ರೂ ಇರುವ ಅಡಾಪ್ಟರ್ ಕಚ್ಚಿಸಿದ್ದರೆ, ಒತ್ತಡ ಏರಿದಾಗ ಅದು ಪೂರ್ತಿ ಜಾರಿ ಬೀಳುತ್ತದೆ. ಹಾನಿ ಅತಿ ಹೆಚ್ಚು ಆಗುವುದು ಇಲ್ಲೇ. ಫ್ರಂಟ್ ಲೋಡ್ ಯಂತ್ರಗಳ ಹಿಂದೆ ಸಾಗಣೆಯ ಬೋಲ್ಟ್‌ಗಳಿರುತ್ತವೆ, ಅವನ್ನು ತೆಗೆಯದೆ ಓಡಿಸಿದರೆ ಸ್ಪಿನ್ ಆಗುವಾಗ ಯಂತ್ರ ಜಾಗ ಬಿಟ್ಟು ನಡೆದು ಹೋಸನ್ನೇ ಎಳೆದು ಹಾಕುತ್ತದೆ. ಬೋಲ್ಟ್ ಇನ್ನೂ ಅಲ್ಲೇ ಇದ್ದರೆ ಫೋಟೊ ತೆಗೆದಿಡಿ, ಇದಕ್ಕಿಂತ ಸ್ಪಷ್ಟ ಸಾಕ್ಷಿ ಇಲ್ಲ. ಡ್ರೈನ್ ಹೋಸನ್ನು ಕ್ಲಿಪ್ ಇಲ್ಲದೆ ನೆಲದ ಜಾಲರಿಯ ಮೇಲೆ ಸುಮ್ಮನೆ ಇಟ್ಟು ಹೋಗಿದ್ದರೆ ಪಂಪ್ ಚಾಲೂ ಆದಾಗ ಅದು ಹಾರಿ ಹೊರಗೆ ಬೀಳುತ್ತದೆ.

ಆರ್‌ಒ: ಒಳಗೆ ಬರುವ ಟ್ಯೂಬ್ ಕಾಲು ಇಂಚಿನದು. ಅದನ್ನು ನೇರವಾಗಿ ಕತ್ತರಿಸಿ, ಕನೆಕ್ಟರ್‌ನೊಳಗೆ ತಳ ಮುಟ್ಟುವವರೆಗೆ ಒತ್ತಿ, ಲಾಕ್ ಕ್ಲಿಪ್ ಹಾಕಿ, ಕೈಯಿಂದ ಎಳೆದು ನೋಡಬೇಕು. ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದರೆ ಒಳಗಿನ ರಬ್ಬರ್ ರಿಂಗ್ ಒಂದು ಕಡೆ ಹಿಡಿಯುವುದಿಲ್ಲ. ಟ್ಯೂಬಿನ ತುದಿಯನ್ನು ಹತ್ತಿರದಿಂದ ನೋಡಿ: ಸರಿಯಾಗಿ ಕೂತಿದ್ದ ಟ್ಯೂಬಿನ ಮೇಲೆ ಕನೆಕ್ಟರಿನ ಹಲ್ಲುಗಳು ಕಚ್ಚಿದ ಗುರುತು ಸುತ್ತಲೂ ಇರುತ್ತದೆ, ತುದಿಯಿಂದ ಆ ಗುರುತಿಗೆ ಸಾಕಷ್ಟು ಅಂತರವೂ ಇರುತ್ತದೆ. ಗುರುತು ತುದಿಗೆ ತೀರ ಹತ್ತಿರ ಇದ್ದರೆ ಅಥವಾ ಒಂದೇ ಬದಿಗೆ ಇದ್ದರೆ ಅದು ಪೂರ್ತಿ ಒಳಗೆ ಹೋಗಿರಲೇ ಇಲ್ಲ ಎಂದರ್ಥ. ಈ ಗುರುತಿನ ಫೋಟೊ ಮೊಬೈಲಿನ ಮ್ಯಾಕ್ರೊದಲ್ಲಿ ಚೆನ್ನಾಗಿ ಬರುತ್ತದೆ.

ಇಂಥ ಟ್ಯೂಬುಗಳು ಹೆಚ್ಚಾಗಿ ರಾತ್ರಿಯಲ್ಲೇ ಯಾಕೆ ಕಳಚುತ್ತವೆ ಎಂಬುದಕ್ಕೂ ಕಾರಣ ಇದೆ. ಹಗಲು ಹತ್ತಾರು ಮನೆಗಳಲ್ಲಿ ನಲ್ಲಿ ತೆರೆದಿದ್ದಾಗ ಲೈನಿನ ಒತ್ತಡ ತಗ್ಗಿರುತ್ತದೆ. ಎಲ್ಲರೂ ಮಲಗಿದ ಮೇಲೆ ಪೂರ್ಣ ಒತ್ತಡಕ್ಕೆ ಏರುತ್ತದೆ. ನೀರಿನ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ತಲಾ 3 ಮೀಟರಿನ 10 ಅಂತಸ್ತಿನ ಕಟ್ಟಡದಲ್ಲಿ ಟ್ಯಾಂಕ್ ತಾರಸಿಯ ಮೇಲಿದ್ದರೆ ನೆಲಮಹಡಿಗೆ 3 ಬಾರ್ ಆಯಿತು. ಮೇಲಿನ ಮಹಡಿಗಳಿಗೆ ಪ್ರೆಶರ್ ಪಂಪ್ ಹಾಕಿದ್ದರೆ ಅಲ್ಲಿಯೂ ಇಂಥದೇ ಒತ್ತಡ. ಎಷ್ಟು ಒತ್ತಡದವರೆಗೆ ತಡೆಯುತ್ತದೆ ಎಂದು ಯಂತ್ರದ ಕೈಪಿಡಿಯಲ್ಲೇ ಬರೆದಿರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಬೇಕು, ಇಲ್ಲವೇ ಹಾಕಿಸಿಕೊಳ್ಳಿ ಎಂದು ಬರೆದು ಕೊಡಬೇಕು. ಇದು ಕೂರಿಸುವವರ ಕೆಲಸ.

ಗೀಸರ್: ಬಿಸಿನೀರು ಹೊರಬರುವ ಕಡೆ ತಣ್ಣೀರಿಗಷ್ಟೇ ಆಗುವ ಅಗ್ಗದ ಕನೆಕ್ಷನ್ ಪೈಪ್ ಹಾಕಿರುವುದು, ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುವುದನ್ನು ನಿಲ್ಲಿಸಲು ಅದರ ಬಾಯಿಗೇ ಪ್ಲಗ್ ಬಡಿದಿರುವುದು, ಇವೆರಡು ಪದೇ ಪದೇ ಕಾಣುವ ತಪ್ಪುಗಳು. ಎರಡನೆಯದು ನೀರಿನ ಹಾನಿಗಿಂತ ದೊಡ್ಡ ಅಪಾಯ, ಟ್ಯಾಂಕೇ ಸಿಡಿಯಬಹುದು. 25 ಲೀಟರಿನ ಗೀಸರ್‌ನಲ್ಲಿ ನೀರೇ 25 ಕಿಲೊ. ಟೊಳ್ಳು ಬ್ಲಾಕಿನ ಗೋಡೆಗೆ ಸಣ್ಣ ಸ್ಕ್ರೂ ಹೊಡೆದು ನೇತು ಹಾಕಿದ್ದರೆ ಅದು ಪೈಪ್ ಸಮೇತ ಕುಸಿಯುತ್ತದೆ. ಲೇಬಲ್ಲಿನ ಮೇಲಿನ ಒತ್ತಡದ ಅಂಕಿಯನ್ನೂ ಫೋಟೊ ತೆಗೆಯಿರಿ. ಕೆಲವದರಲ್ಲಿ ಮೆಗಾಪಾಸ್ಕಲ್‌ನಲ್ಲಿ ಇರುತ್ತದೆ, 0.8 ಮೆಗಾಪಾಸ್ಕಲ್ ಎಂದರೆ 8 ಬಾರ್.

ಎಸಿಯಲ್ಲಿ ವಿಷಯ ಸರಳ: ಒಳಗಿನ ಯೂನಿಟ್ಟಿನ ನೀರಿನ ಪೈಪಿಗೆ ಇಳಿಜಾರು ಕೊಡದಿದ್ದರೆ ನೀರು ಹಿಂದಕ್ಕೆ ಬಂದು ಗೋಡೆಗೆ ಇಳಿಯುತ್ತದೆ. ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಇದು ಬೇಗ ಬಯಲಾಗುತ್ತದೆ.

ನೀರು ಎಷ್ಟು ಹರಿದಿರಬಹುದು ಎಂಬ ಅಂದಾಜೂ ಕೆಲಸಕ್ಕೆ ಬರುತ್ತದೆ. ಅದೇ ಟ್ಯೂಬನ್ನು ಬಕೆಟ್ಟಿಗೆ ಬಿಟ್ಟು ಒಂದು ನಿಮಿಷಕ್ಕೆ ಎಷ್ಟು ತುಂಬುತ್ತದೆ ಎಂದು ವಿಡಿಯೊ ಸಮೇತ ಅಳೆಯಿರಿ. ನಿಮಿಷಕ್ಕೆ 2 ಲೀಟರ್ ಎಂದಾದರೆ ರಾತ್ರಿಯ 8 ಗಂಟೆಯಲ್ಲಿ 960 ಲೀಟರ್. ‘ಸ್ವಲ್ಪ ಸೋರಿಕೆಗೆ ಇಷ್ಟು ಹಾನಿಯೇ’ ಎಂಬ ಪ್ರಶ್ನೆಗೆ ಇದೇ ಉತ್ತರ.

ಒಣಗಿಸಿ, ಆದರೆ ಎಸೆಯಬೇಡಿ

ಎರಡು ದಿನ ತೇವ ನಿಂತರೆ ಬೂಸು ಶುರು. ಮಾಡ್ಯುಲರ್ ಕಿಚನ್‌ನ ಕೆಳಗಿನ ಪಟ್ಟಿ ಕಾಲುಗಳಿಗೆ ಕ್ಲಿಪ್‌ನಲ್ಲಿ ಕೂತಿರುತ್ತದೆ, ಎಳೆದರೆ ಬರುತ್ತದೆ. ತೆಗೆದು ಒಳಗೆ ಗಾಳಿ ಆಡಲು ಬಿಡಿ. ಡ್ರಾಯರ್‌ಗಳನ್ನು ಹೊರತೆಗೆದು ಫ್ಯಾನ್ ಇಡಿ. ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ವಾಟರ್‌ಪ್ರೂಫ್ ಪ್ಲೈವುಡ್ ಆಗಿದ್ದರೆ ಉಳಿಯುವ ಸಾಧ್ಯತೆ ಇದೆ. ಹಾಗಾಗಿ ಬೇಡಿಕೆ ಇಡುವಾಗ ಯಾವ ಮರ ಎಂದು ಬರೆಯುವುದು ಮುಖ್ಯ. ಕೆಳಮನೆಯ ಜಿಪ್ಸಂ ಸೀಲಿಂಗ್ ನೀರು ತುಂಬಿ ಜೋತಿದ್ದರೆ, ಆ ಕೋಣೆಯ ಕರೆಂಟ್ ತೆಗೆಸಿ, ತಗ್ಗಾದ ಜಾಗದಲ್ಲಿ ಸಣ್ಣ ತೂತು ಮಾಡಿಸಿ ಬಕೆಟ್ಟಿಗೆ ಇಳಿಸುವುದು ಇಡೀ ಹಲಗೆ ಬೀಳುವುದಕ್ಕಿಂತ ಮೇಲು.

ಕೆಟ್ಟ ಹಲಗೆ, ಫ್ಲೋರಿಂಗ್ ತುಂಡುಗಳನ್ನು ತಕ್ಷಣ ವಿಲೇವಾರಿ ಮಾಡಬೇಡಿ. ‘ಈ ದಿನಾಂಕದೊಳಗೆ ಬಂದು ಪರಿಶೀಲಿಸಿ, ಇಲ್ಲದಿದ್ದರೆ ರಿಪೇರಿ ಶುರು ಮಾಡುತ್ತೇವೆ’ ಎಂದು ಕಂಪನಿಗೆ ಇಮೇಲ್ ಹಾಕಿ ಏಳು ದಿನ ಕೊಡಿ. ಆಮೇಲೆ ರಿಪೇರಿ ಮಾಡಿಸಿದರೂ ಪ್ರತಿಯೊಂದರ ಒಂದು ತುಂಡು ಇಟ್ಟುಕೊಳ್ಳಿ.

ಹಾನಿ ಲಕ್ಷ ದಾಟುವಂತಿದ್ದರೆ ಸ್ವತಂತ್ರ ವರದಿಗೆ ಖರ್ಚು ಮಾಡುವುದು ಸಾರ್ಥಕ. ಚಾರ್ಟರ್ಡ್ ಎಂಜಿನಿಯರ್ ಒಬ್ಬರು ಅಥವಾ ಬೆಂಗಳೂರಿನಲ್ಲಾದರೆ ಜಲಮಂಡಳಿಯ ಪರವಾನಗಿ ಇರುವ ಪ್ಲಂಬರ್ ಒಬ್ಬರು ಸ್ಥಳ ನೋಡಿ, ಒತ್ತಡ ಅಳೆದು, ಕಾರಣ ಬರೆದು ಸಹಿ ಹಾಕಿದ ವರದಿ ಇರಲಿ. ನಂತರ ಅವರು ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಕೊಡಲು ಸಿದ್ಧರೇ ಎಂದು ಮೊದಲೇ ಕೇಳಿ. ಅಫಿಡವಿಟ್ ಇಲ್ಲದ ವರದಿಗೆ ಆಯೋಗದಲ್ಲಿ ತೂಕ ಕಡಿಮೆ.

ಹೊಣೆ ಯಾರದು

ಇಲ್ಲಿ ಉದಾರಿಗಳಾಗಬೇಡಿ: ಸಂಬಂಧಪಟ್ಟ ಎಲ್ಲರನ್ನೂ ಎದುರುದಾರರನ್ನಾಗಿ ಮಾಡಿ. ಬ್ರ್ಯಾಂಡ್ ಕಂಪನಿ, ಮಾರಿದ ಅಂಗಡಿ ಅಥವಾ ಆನ್‌ಲೈನ್ ಮಾರಾಟಗಾರ, ಕೂರಿಸಿದ ಅಧಿಕೃತ ಸರ್ವಿಸ್ ಸೆಂಟರ್. ‘ಅದು ಫ್ರಾಂಚೈಸಿ, ನಮ್ಮವರಲ್ಲ’ ಎಂದು ಒಬ್ಬರು ಇನ್ನೊಬ್ಬರ ಮೇಲೆ ಹಾಕುವ ಆಟ ಎಲ್ಲರೂ ಒಂದೇ ಪ್ರಕರಣದಲ್ಲಿದ್ದಾಗ ನಡೆಯುವುದಿಲ್ಲ.

ಕಾನೂನಿನ ಆಧಾರ ಎರಡು. ಒಂದು ಸೇವಾ ನ್ಯೂನತೆ, ಅಂದರೆ ಕೊಟ್ಟ ಸೇವೆಯಲ್ಲಿನ ಕೊರತೆ. ಇನ್ನೊಂದು ಕಾಯ್ದೆಯ ಆರನೇ ಅಧ್ಯಾಯದ ಉತ್ಪನ್ನ ಹೊಣೆಗಾರಿಕೆ: 84ನೇ ಸೆಕ್ಷನ್ ತಯಾರಕರಿಗೆ, 85 ಸೇವೆ ಕೊಟ್ಟವರಿಗೆ, 86 ಮಾರಾಟಗಾರರಿಗೆ. ಸೇವೆ ದೋಷಪೂರಿತವಾಗಿದ್ದರೆ ಮಾತ್ರವಲ್ಲ, ಹಾನಿ ತಪ್ಪಿಸಲು ಬೇಕಾದ ಸೂಚನೆ, ಎಚ್ಚರಿಕೆ ಕೊಡದಿದ್ದರೂ 85ರಡಿ ಹೊಣೆ ಬರುತ್ತದೆ. ‘ನಿಮ್ಮ ಲೈನಿನ ಪ್ರೆಶರ್ ಜಾಸ್ತಿ’, ‘ನಿಮ್ಮ ನಲ್ಲಿ ಹಳೆಯದು’ ಎಂಬ ವಾದಕ್ಕೆ ಇದೇ ಜವಾಬು: ಹಾಗಿದ್ದರೆ ಕೂರಿಸುವ ದಿನವೇ ಬರೆದು ಕೊಡಬೇಕಿತ್ತು. ಕೊಟ್ಟಿದ್ದರೆ ತೋರಿಸಲಿ.

‘ಇನ್‌ಸ್ಟಾಲೇಷನ್ ಫ್ರೀ, ಹಾಗಾಗಿ ಹೊಣೆ ಇಲ್ಲ’ ಎಂದೂ ಹೇಳಿಸಿಕೊಳ್ಳುತ್ತೀರಿ. ಪುಕ್ಕಟೆ ಸೇವೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ನಿಜ. ಆದರೆ ಯಂತ್ರದ ಬೆಲೆಯೊಂದಿಗೆ ಸೇರಿ ಬಂದ ಇನ್‌ಸ್ಟಾಲೇಷನ್ ಪುಕ್ಕಟೆ ಅಲ್ಲ, ಅದರ ಹಣ ಬಿಲ್ಲಿನಲ್ಲೇ ಇದೆ. ಬಿಲ್ ಲಗತ್ತಿಸಿ ಹೀಗೆಂದೇ ಬರೆಯಿರಿ. ಮನೆ ಮಾಲೀಕರು ಹಾಕಿಸಿದ ಯಂತ್ರವನ್ನು ಅವರ ಒಪ್ಪಿಗೆಯಿಂದ ಬಳಸುವ ಬಾಡಿಗೆದಾರರೂ ಗ್ರಾಹಕರೇ. ಪಿಜಿ, ಹೋಟೆಲಿನಂಥ ವಾಣಿಜ್ಯ ಉದ್ದೇಶಕ್ಕೆ ಕೊಂಡಿದ್ದರೆ ಮಾತ್ರ ಈ ದಾರಿ ಮುಚ್ಚಿರುತ್ತದೆ, ಸ್ವಂತ ದುಡಿಮೆಯ ಜೀವನೋಪಾಯಕ್ಕಾದರೆ ತೆರೆದಿರುತ್ತದೆ.

ವಾರಂಟಿ ಕಾರ್ಡಿನಲ್ಲಿ ‘ಪರೋಕ್ಷ ಹಾನಿಗೆ ಕಂಪನಿ ಹೊಣೆಯಲ್ಲ’ ಎಂಬ ಸಾಲು ನೋಡಿ ಹಿಂಜರಿಯಬೇಡಿ. ವಾರಂಟಿ ಯಂತ್ರದ ರಿಪೇರಿಗೆ ಸಂಬಂಧಿಸಿದ್ದು, ನಿಮ್ಮ ಬೇಡಿಕೆ ಕೆಟ್ಟ ಕೆಲಸದಿಂದ ಆದ ಹಾನಿಯದು.

ಲೆಕ್ಕ ಹಾಕುವುದು

ಒಟ್ಟು ಮೊತ್ತ ಒಂದನ್ನೇ ಬರೆದರೆ ಯಾರೂ ಒಪ್ಪುವುದಿಲ್ಲ. ಪ್ರತಿ ಬಾಬ್ತಿಗೆ ಕಾಗದ ಬೇಕು. ದೊಡ್ಡ ಬಾಬ್ತುಗಳಿಗೆ ಜಿಎಸ್‌ಟಿ ನಂಬರ್ ಇರುವ ಎರಡು ಬೇರೆ ಬೇರೆ ಕೊಟೇಷನ್, ರಿಪೇರಿ ಆಗಿದ್ದರೆ ಬಿಲ್. ಉದಾಹರಣೆಗೆ ಒಂದು ಪಟ್ಟಿ ಹೀಗಿರಬಹುದು:

- ಕಿಚನ್‌ನ ಕೆಳಗಿನ ನಾಲ್ಕು ಬಾಕ್ಸ್ ಬದಲಾವಣೆ: 58,000 ರೂ.
- ಲ್ಯಾಮಿನೇಟ್ ಫ್ಲೋರಿಂಗ್ 120 ಚದರ ಅಡಿ, ಅಡಿಗೆ 140ರಂತೆ: 16,800 ರೂ.
- ಗೋಡೆ ಪುಟ್ಟಿ, ಪೇಂಟ್: 14,500 ರೂ.
- ಕೆಳಮನೆಯ ಸೀಲಿಂಗ್ ರಿಪೇರಿಗೆ ಕೊಟ್ಟಿದ್ದು, ರಸೀದಿ ಸಹಿತ: 22,000 ರೂ.
- ಶುಚಿ ಮಾಡಿಸಿದ್ದು: 3,500 ರೂ.
- ಎಂಜಿನಿಯರ್ ವರದಿ: 6,000 ರೂ.

ಒಟ್ಟು 1,20,800 ರೂ. ಇದರ ಮೇಲೆ ಮಾನಸಿಕ ಹಿಂಸೆಗೆ ಮತ್ತು ಖರ್ಚಿಗೆ ಬೇರೆ ಬೇರೆಯಾಗಿ ಕೇಳಿ, ಬಡ್ಡಿಯನ್ನೂ ಕೇಳಿ. ಆದರೆ ಲಕ್ಷದ ಹಾನಿಗೆ ಹತ್ತು ಲಕ್ಷದ ಮಾನಸಿಕ ಹಿಂಸೆ ಕೇಳಿದರೆ ಉಳಿದ ಲೆಕ್ಕದ ಮೇಲಿನ ನಂಬಿಕೆಯೂ ಹೋಗುತ್ತದೆ. ಹಳೆಯ ವಸ್ತುವಿಗೆ ಸವಕಳಿ ಕಳೆಯುತ್ತಾರೆ ಎಂಬುದೂ ನೆನಪಿರಲಿ. ವಸ್ತು ಎಷ್ಟು ವರ್ಷದ್ದು ಎಂದು ನೀವೇ ಪ್ರಾಮಾಣಿಕವಾಗಿ ಬರೆದು, ಮೂಲ ಬಿಲ್ ಇದ್ದರೆ ಲಗತ್ತಿಸಿ.

ವಿಮೆ ಇದ್ದರೆ ಮೊದಲು ಅಲ್ಲಿ

ಗೃಹಸಾಲದ ಜೊತೆ ಬ್ಯಾಂಕ್ ಮಾಡಿಸಿದ ಮನೆ ವಿಮೆ ಇದೆಯೇ ನೋಡಿ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಉಪಕರಣ, ಪೈಪ್ ಒಡೆದು ಅಥವಾ ತುಂಬಿ ಹರಿದು ಆಗುವ ಹಾನಿ ಸೇರಿದೆ. ತಕ್ಷಣ ತಿಳಿಸಿ, ಸರ್ವೇಯರ್ ಬರುವವರೆಗೆ ರಿಪೇರಿ ತಡೆಹಿಡಿಯಿರಿ. ವಿಮಾ ಕಂಪನಿ ಹಣ ಕೊಟ್ಟ ಮೇಲೆ ಅಷ್ಟರ ಮಟ್ಟಿಗೆ ತಪ್ಪಿತಸ್ಥರಿಂದ ವಸೂಲಿ ಮಾಡುವ ಹಕ್ಕು ಅವರದಾಗುತ್ತದೆ. ಆದ್ದರಿಂದ ವಿಮಾ ಕಂಪನಿಗೆ ಹೇಳದೆ ಬ್ರ್ಯಾಂಡ್ ಕಂಪನಿ ಜೊತೆ ರಾಜಿಪತ್ರಕ್ಕೆ ಸಹಿ ಹಾಕಬೇಡಿ, ಕ್ಲೇಮ್ ತಿರಸ್ಕಾರವಾಗಬಹುದು. ಒಂದೇ ಹಾನಿಗೆ ಎರಡು ಕಡೆ ಪೂರ್ತಿ ಹಣ ಕೇಳುವಂತಿಲ್ಲ, ವಿಮೆ ಕೊಡದೆ ಉಳಿಸಿದ್ದನ್ನು ಕೇಳಬಹುದು.

ನೋಟಿಸ್

ಗ್ರಾಹಕ ಆಯೋಗಕ್ಕೆ ಹೋಗುವ ಮುನ್ನ ನೋಟಿಸ್ ಕಡ್ಡಾಯವಲ್ಲ. ಆದರೂ ಕೊಡಿ, ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ. ಬಿಲ್ಲಿನಲ್ಲಿರುವ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್, ಜೊತೆಗೆ ಇಮೇಲ್. ಕಂಪನಿಯ ಕಚೇರಿ ಹೊರ ರಾಜ್ಯದಲ್ಲಿದ್ದರೆ ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯನ್ನೂ ಇಟ್ಟರೆ ಅವರಿಗೆ ಕುಂಟುನೆಪ ಇರುವುದಿಲ್ಲ. ಒಕ್ಕಣೆ ಇಷ್ಟು ಸಾಕು:

‘ದಿನಾಂಕ ___ರಂದು ನಿಮ್ಮಿಂದ ___ ಮಾಡೆಲ್ (ಸೀರಿಯಲ್ ನಂ. ___) ಖರೀದಿಸಿದ್ದು, ದಿನಾಂಕ ___ರಂದು ನಿಮ್ಮ ತಂತ್ರಜ್ಞರು ಅಳವಡಿಸಿದ್ದಾರೆ. ದಿನಾಂಕ ___ರಂದು ಇನ್‌ಲೆಟ್ ಟ್ಯೂಬ್ ಕನೆಕ್ಟರ್‌ನಿಂದ ಕಳಚಿ ಮನೆಗೆ ನೀರು ನುಗ್ಗಿದೆ. ಲಾಕ್ ಕ್ಲಿಪ್ ಹಾಕದಿರುವುದು ಜಾಬ್ ಶೀಟ್ ನಂ. ___ರಲ್ಲಿ ದಾಖಲಾಗಿದೆ. ಇದರಿಂದಾದ ನಷ್ಟ ___ ರೂ., ವಿವರ ಲಗತ್ತಿಸಿದೆ. ಈ ಪತ್ರ ತಲುಪಿದ 15 ದಿನದೊಳಗೆ ಪಾವತಿಸಬೇಕು. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ದೂರು ದಾಖಲಿಸಲಾಗುವುದು. ಕೆಟ್ಟ ಭಾಗವನ್ನು ಸಂರಕ್ಷಿಸಿಡಲಾಗಿದ್ದು, ಪೂರ್ವಸೂಚನೆ ಕೊಟ್ಟು ಪರಿಶೀಲಿಸಬಹುದು.’

ಸಿಟ್ಟಿನ ಮಾತು, ಸೋಷಿಯಲ್ ಮೀಡಿಯಾದಲ್ಲಿ ಹಾಕುವ ಬೆದರಿಕೆ ಬೇಡ. ಈ ಪತ್ರ ಮುಂದೆ ಆಯೋಗದ ಸದಸ್ಯರು ಓದುವ ದಾಖಲೆ.

ಇದೇ ಹೊತ್ತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ. ಅವರು ಆದೇಶ ಹೊರಡಿಸಲಾರರು, ಆದರೆ ದೂರನ್ನು ಕಂಪನಿಗೆ ರವಾನಿಸುತ್ತಾರೆ, ಕಸ್ಟಮರ್ ಕೇರ್‌ಗಿಂತ ಮೇಲಿನವರ ಮೇಜಿಗೆ ವಿಷಯ ಹೋಗುತ್ತದೆ. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಕಂಪನಿ ‘ಸದ್ಭಾವನೆಯಿಂದ’ ಯಂತ್ರ ಬದಲಿಸಿ ಕೊಡುವುದಾಗಿಯೋ ವಾರಂಟಿ ಒಂದು ವರ್ಷ ಹೆಚ್ಚಿಸುವುದಾಗಿಯೋ ಹೇಳಿದರೆ ಪತ್ರ ಓದಿ ಸಹಿ ಹಾಕಿ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಪದಗಳಿದ್ದರೆ ಕಿಚನ್ನಿನ ಹಣ ಅಲ್ಲಿಗೆ ಮುಗಿಯಿತು.

ಜಿಲ್ಲಾ ಆಯೋಗದಲ್ಲಿ ದೂರು

ಹಾನಿ ಆದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಇಮೇಲ್ ಮಾತುಕತೆ ನಡೆಯುತ್ತಿದೆ ಎಂಬುದರಿಂದ ಈ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ.

ಯಾವ ಆಯೋಗ ಎಂಬುದನ್ನು ತೀರ್ಮಾನಿಸುವುದು ನೀವು ಕೇಳುವ ಪರಿಹಾರವಲ್ಲ, ನೀವು ಕೊಟ್ಟ ಬೆಲೆ. ಅದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 32,000 ರೂಪಾಯಿಯ ಯಂತ್ರದಿಂದ 8 ಲಕ್ಷದ ಹಾನಿ ಆಗಿದ್ದರೂ ಅಲ್ಲೇ. ಈ ಲೆಕ್ಕವನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ಶುಲ್ಕಕ್ಕೂ ಇದೇ ಆಧಾರ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ಕಂಪನಿ ಎಲ್ಲಿಯದೇ ಇರಲಿ, ನೀವು ವಾಸ ಮಾಡುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಹುಬ್ಬಳ್ಳಿಯವರು ಗುರುಗ್ರಾಮಕ್ಕೆ ಹೋಗಬೇಕಿಲ್ಲ, ಊರಿನ ಮನೆಯನ್ನು ನೋಡಿಕೊಳ್ಳುವ ಮಗ ಬೆಂಗಳೂರಿನಲ್ಲಿದ್ದು ಬಿಲ್ ಅವನ ಹೆಸರಿನಲ್ಲಿದ್ದರೆ ಬೆಂಗಳೂರಿನಲ್ಲೂ ಕೊಡಬಹುದು.

ಸಲ್ಲಿಸುವುದು ಇ-ಜಾಗೃತಿ ಪೋರ್ಟಲ್‌ನಲ್ಲಿ. ಹಿಂದೆ ಇ-ದಾಖಿಲ್ ಇತ್ತು, 2025ರ ಜನವರಿ 1ರಂದು ಇದು ಶುರುವಾಯಿತು. ಬೇಕಾದವು: ದಿನಾಂಕದ ಕ್ರಮದಲ್ಲಿ ಘಟನೆಗಳ ಪಟ್ಟಿ, ದೂರು, ದೂರಿನಲ್ಲಿರುವುದು ಸತ್ಯ ಎಂಬ ಅಫಿಡವಿಟ್, ಬಿಲ್, ಜಾಬ್ ಶೀಟ್, ಮಹಜರು, ಫೋಟೊ, ಎಂಜಿನಿಯರ್ ವರದಿ, ನಷ್ಟದ ಪಟ್ಟಿ, ನೋಟಿಸ್ ಮತ್ತು ಅದು ತಲುಪಿದ ದಾಖಲೆ. ಫೋಟೊ, ವಿಡಿಯೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಜೋಡಿಸಿದರೆ ಮುಂದೆ ಆಕ್ಷೇಪಕ್ಕೆ ಎಡೆ ಇರುವುದಿಲ್ಲ. ಪುಟಗಳಿಗೆಲ್ಲ ಸಂಖ್ಯೆ ಹಾಕಿ, ಪ್ರತಿ ದಾಖಲೆಯ ಹೆಸರನ್ನು ದೂರಿನೊಳಗೆ ಉಲ್ಲೇಖಿಸಿ.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರಾಚೆಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. 45 ದಿನ ದಾಟಿದ್ದರೆ ಆ ತಾರೀಕನ್ನು ನೀವೇ ಆಯೋಗದ ಗಮನಕ್ಕೆ ತನ್ನಿ. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ ಎಂದೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಡುವೆ ಮಧ್ಯಸ್ಥಿಕೆಗೆ ಕಳಿಸುವ ಅವಕಾಶವಿದೆ. ಕಾರಣ ಸ್ಪಷ್ಟವಿದ್ದು ಮೊತ್ತದ ಬಗ್ಗೆ ಮಾತ್ರ ಜಗಳವಿದ್ದರೆ ಒಪ್ಪಿಕೊಳ್ಳುವುದು ಜಾಣತನ.

ಕೆಳಮನೆಯವರ ವಿಷಯ

ಕೆಳಗಿನ ಫ್ಲ್ಯಾಟಿನವರು ಆ ಯಂತ್ರದ ಗ್ರಾಹಕರಲ್ಲ, ಅವರು ನೇರವಾಗಿ ನಿಮ್ಮನ್ನೇ ಕೇಳುತ್ತಾರೆ. ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ಅವರಿಗೆ ನ್ಯಾಯವಾದದ್ದನ್ನು ಕೊಟ್ಟು, ‘ಇಂಥ ದಿನದ ನೀರಿನ ಹಾನಿಗಾಗಿ ಇಷ್ಟು ಹಣ ಪಡೆದಿದ್ದೇನೆ’ ಎಂಬ ಸಹಿ ರಸೀದಿ ಪಡೆದು ಅದನ್ನು ನಿಮ್ಮ ಬೇಡಿಕೆಗೆ ಸೇರಿಸುವುದು ಒಳ್ಳೆಯ ದಾರಿ. ಕೊಡುವ ಮುಂಚೆ ಕಂಪನಿಗೆ ಇಮೇಲ್ ಮಾಡಿ ತಿಳಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ.

ಆದೇಶ ಬಂದ ಮೇಲೆ

ಸೋತ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಲು 45 ದಿನ ಇದೆ, ಹಾಕುವ ಮುಂಚೆ ಆದೇಶಿಸಿದ ಮೊತ್ತದ ಅರ್ಧ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬರಲಿಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಎರಡು ಅರ್ಜಿಗಳಿಗೆ ಅವಕಾಶವಿದೆ: 71ನೇ ಸೆಕ್ಷನ್ನಿನಡಿ ಸಿವಿಲ್ ಡಿಕ್ರಿಯಂತೆ (ಸಿವಿಲ್ ನ್ಯಾಯಾಲಯದ ತೀರ್ಪಿನಂತೆ) ಜಾರಿ, 72ರಡಿ ಶಿಕ್ಷೆ. ಎರಡನೆಯದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಆದೇಶದ ಪ್ರಮಾಣಿತ ಪ್ರತಿ ಮತ್ತು ನಿಮ್ಮ ಬ್ಯಾಂಕ್ ವಿವರವನ್ನು ಕಂಪನಿಗೆ ಮೊದಲೇ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಂಡಿರಿ. ‘ಖಾತೆ ನಂಬರ್ ಕೊಡಲಿಲ್ಲ’ ಎಂಬ ಕಾರಣ ಜಾರಿ ಅರ್ಜಿಯ ಮೊದಲ ದಿನವೇ ಬರುತ್ತದೆ. ಹಣ ಖಾತೆಗೆ ಬಡ್ಡಿ ಸಮೇತ ಪೂರ್ತಿ ಜಮೆ ಆಗಿದೆಯೇ ಲೆಕ್ಕ ನೋಡಿ, ಆಮೇಲಷ್ಟೇ ಜಾರಿ ಅರ್ಜಿ ಮುಕ್ತಾಯಕ್ಕೆ ಸಹಿ ಹಾಕಿ. ಮೊಹರು ಹಾಕಿದ ಆ ಜಿಪ್ ಕವರನ್ನೂ ಅಲ್ಲಿಯವರೆಗೆ ಎಸೆಯಬೇಡಿ.